ಭಾಂಡುಪ್ ಮದುವೆಯಲ್ಲಿ ಒಡೆದ ಫ್ಲ್ಯಾಶ್ ಬಲ್ಬು

1956ರ ಮಾತು. ಆಗ ನಾನು ಪರೇಲ್‌ನಲ್ಲಿ, ಗಿರಣಿಯೊಂದರ ಎದುರಿಗಿದ್ದ ಬಿಲ್ಡಿಂಗಿನ ಮೇಲ್ಮಾಳಿಗೆಯ ಸ್ಟುಡಿಯೋದಲ್ಲಿ ಫೋಟೋಗ್ರಾಫರ್ ಆಗಿದ್ದೆ. ಮಾಲೀಕರಿಗೆ ವಯಸ್ಸಾಗಿತ್ತು, ವರ್ಷದ ಬಹುಭಾಗ ಊರಿನಲ್ಲೇ ಇರುತ್ತಿದ್ದರು. ಹಾಗಾಗಿ ಪಟ ತೆಗೆಯುವುದು, ತೊಳೆಯುವುದು, ತಿದ್ದುವುದು, ಕೊನೆಗೆ ಗಿರಾಕಿಗಳ ಬಾಯಿಗೆ ಬೀಳುವುದು ಎಲ್ಲಾ ನನ್ನ ಪಾಲಿಗೇ ಬಂದಿತ್ತು. ಧಾರವಾಡದಿಂದ ಬಂದವನು ನಾನು. ನಾಲಿಗೆ ಸ್ವಲ್ಪ ಖಾರ, ಮನಸ್ಸು ಸ್ವಲ್ಪ ಸಂಶಯದ್ದು. ನನ್ನ ಹೆಂಡತಿ ಹೇಳುತ್ತಿದ್ದಳು: 'ನಿಮಗ ದೇವರು ಪ್ರತ್ಯಕ್ಷ ಆದರೂ ಮೊದಲು ನೆಗೆಟಿವ್ ಕೇಳ್ತೀರಿ.'

ಆದರೆ ಈ ಸಂಶಯ ನನಗೆ ಹುಟ್ಟಿನಿಂದ ಬಂದದ್ದಲ್ಲ, ಕಸುಬು ಕಲಿಸಿದ್ದು. ಆ ಕಾಲದಲ್ಲಿ ಗಂಡು ಹೆಣ್ಣಿನ ಸಂಬಂಧ ಕುದುರಿಸುವ ಮೊದಲು ಎರಡೂ ಕಡೆಯವರು ಫೋಟೋ ಕಳಿಸುತ್ತಿದ್ದರು. ಆ ಫೋಟೋಗಳನ್ನು ತಿದ್ದುವುದು ನಮ್ಮ ಕೆಲಸ. ನೆಗೆಟಿವ್‌ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ಸಣ್ಣ ಸಣ್ಣ ಗೀರು ಎಳೆದರೆ ಮುಖದ ಮೇಲಿನ ಸಿಡುಬಿನ ಕಲೆ ಮಾಯವಾಗುತ್ತಿತ್ತು. ಕೆನ್ನೆ ತುಂಬುತ್ತಿತ್ತು, ಮೆಳ್ಳಗಣ್ಣು ನೇರವಾಗುತ್ತಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಆ ಸಾವಿರದೊಳಗೆ ನೂರಾದರೂ ನಮ್ಮ ಸ್ಟುಡಿಯೋದಲ್ಲೇ ತಯಾರಾಗುತ್ತಿದ್ದವು. ದಿನಾ ಬೆಳಗಾದರೆ ಹುಳುಕು ಮುಚ್ಚುತ್ತಾ ಕೂತವನಿಗೆ ಯಾರ ಮುಖ ನೋಡಿದರೂ 'ಇಲ್ಲಿ ಮುಚ್ಚಿದ್ದು ಏನು' ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ.

ಮದುವೆಯ ಫೋಟೋಗಳಲ್ಲಿ ಆಗ ಹೊಸ ಹವಾ ಬೀಸತೊಡಗಿತ್ತು. ಅಲ್ಲಿಯವರೆಗೆ ಮದುವೆ ಫೋಟೋ ಎಂದರೆ ಫಾರ್ಮಲ್ ಫೋಟೋ ಒಂದೇ. ಮರದ ದೊಡ್ಡ ಸ್ಟ್ಯಾಂಡ್ ಕ್ಯಾಮೆರಾ, ತಲೆಯ ಮೇಲೆ ಕರೀ ಬಟ್ಟೆ, ಮುಂದೆ ಕುರ್ಚಿಗಳ ಸಾಲು, 'ಉಸಿರು ಬಿಗಿಹಿಡೀರಿ' ಎಂಬ ಅಪ್ಪಣೆ. ಒಂದೊಂದು ಗಾಜಿನ ಪ್ಲೇಟೂ ತುಟ್ಟಿ. ಅದಕ್ಕೇ ಯಾರು ಎಲ್ಲಿ ಕೂಡಬೇಕು, ಯಾರ ಹಿಂದೆ ಯಾರು ನಿಲ್ಲಬೇಕು ಎಂದು ಮೊದಲೇ ಎರಡೂ ಕಡೆಯವರನ್ನು ಕೇಳಿ ನಾನು ಕಾಗದದ ಮೇಲೆ ನಕ್ಷೆ ಹಾಕಿಕೊಳ್ಳುತ್ತಿದ್ದೆ. ಹಾಕದಿದ್ದರೆ ಸೋದರಮಾವ ಮುನಿಸಿಕೊಂಡು ಊಟ ಬಿಟ್ಟು ಹೋದ ಉದಾಹರಣೆಗಳಿವೆ. ಹೊಸದು ಅಂದರೆ ಕ್ಯಾಂಡಿಡ್ ಫೋಟೋ. ಯಾರಿಗೂ 'ಹೀಗೆ ನಿಲ್ಲಿ' ಅನ್ನದೆ, ಮದುವೆ ನಡೆಯುತ್ತಿದ್ದಂತೆಯೇ ಓಡಾಡಿಕೊಂಡು ತೆಗೆಯುವ ಪಟ. ಅದಕ್ಕೆ ಎರಡು ಲೆನ್ಸಿನ, ಡಬ್ಬಿಯಂಥ ಸಣ್ಣ ಕ್ಯಾಮೆರಾ ಇತ್ತು. ಅದನ್ನು ಎದೆಯ ಕೆಳಗೆ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಎದುರಿನವರಿಗೆ ಇವನು ನಮ್ಮನ್ನೇ ನೋಡುತ್ತಿದ್ದಾನೆಂದು ಗೊತ್ತಾಗುವುದಿಲ್ಲ. ಸಂಶಯದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಇನ್ನೊಂದಿಲ್ಲ.

ಬೇಸಿಗೆಯ ಒಂದು ದಿನ ಕಾಂದಿವಲಿಯಿಂದ ಗುಂಡೇರಾಯರು ಬಂದರು. ವಿಜಾಪುರದ ಕಡೆಯವರು, ರೈಲ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಮಗಳು ಸುಮಿತ್ರಾ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್. ಅವಳ ಮದುವೆ ನಿಶ್ಚಯವಾಗಿತ್ತು. ಗಂಡು ಉಡುಪಿ ಕಡೆಯವನು, ಹೆಸರು ಮಾಧವ. ಪರೇಲ್‌ನಲ್ಲೇ ಅಣ್ಣ ವಾಸುದೇವರಾಯರ ಹೋಟೆಲಿನ ಗಲ್ಲಾದ ಮೇಲೆ ಕೂಡುತ್ತಿದ್ದ. ಮಠ ಒಂದೇ ಆದರೂ ಊಟದ ಎಲೆ ಬೇರೆ ಎನ್ನುವಂಥ ಸಂಬಂಧ. ಇವರ ಸಾರು ಅವರಿಗೆ ಖಾರ, ಅವರ ಸಾಂಬಾರು ಇವರಿಗೆ ಸಿಹಿ. ಮದುವೆ ಭಾಂಡುಪ್‌ನಲ್ಲಿ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಗುಂಡೇರಾಯರ ತಮ್ಮ ನೌಕರಿಗಿದ್ದರು, ಕಾಲೊನಿಯ ಹಾಲ್ ಅವರಿಗೆ ಸಿಕ್ಕಿತ್ತು.

ಫಾರ್ಮಲ್ ಫೋಟೋದ ನಕ್ಷೆ ಮುಗಿಸಿದೆವು. ಗುಂಡೇರಾಯರು ಏಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡರು.

'ಜೋಶಿಯವರ, ಕ್ಯಾಂಡಿಡ್ ಅಂತಾರಲ್ಲ, ಅದೂ ಬೇಕು. ಆದ್ರ ನಿಮ್ಮ ಸಣ್ಣ ಕ್ಯಾಮೆರಾ ಹುಡುಗನ ಮ್ಯಾಲ ಇರಲಿ.'

'ಹುಡುಗಿ ಮೇಲೆ ಬೇಡೇನು?'

'ನನ್ನ ಮಗಳು ನನಗ ಗೊತ್ತದಾಳ. ಹುಡುಗ ಗೊತ್ತಿಲ್ಲ.'

ಆಮೇಲೆ ಹೊಟ್ಟೆಯೊಳಗಿನದನ್ನೆಲ್ಲಾ ಬಿಚ್ಚಿದರು. ಹೆಣ್ಣು ನೋಡಲು ಬಂದಾಗ ಹುಡುಗ ನಗುನಗುತ್ತಾ ಮಾತಾಡಿದ್ದ, ರಾಯರಿಗೆ ಮೆಚ್ಚಿಗೆಯಾಗಿತ್ತು. ನಿಶ್ಚಯ ಮುಗಿದ ಮೇಲೆ ಒಂದು ದಿನ ಪರೇಲ್ ಸ್ಟೇಶನ್ನಿಂದ ಹೋಟೆಲಿನ ತನಕ ಇಬ್ಬರೂ ಜೊತೆಗೆ ನಡೆದು ಬಂದರಂತೆ. ದಾರಿಯುದ್ದಕ್ಕೂ ರಾಯರು ಮಾತಾಡಿದರು. ಊರು ಕೇಳಿದರು, ಮುಂದೆ ಬೇರೆ ಮನೆ ಮಾಡುತ್ತೀರೋ ಹೇಗೆ ಎಂದು ಕೇಳಿದರು. ಹುಡುಗ ತುಟಿ ಪಿಟಕ್ಕೆನ್ನಲಿಲ್ಲ. ಹೋಟೆಲಿಗೆ ಬಂದು ಎದುರುಬದುರು ಕೂತ ಕೂಡಲೇ ಏನೂ ಆಗದವನಂತೆ 'ಕಾಫಿ ತಕ್ಕೊಳ್ಳಿ ಮಾವ' ಅಂದ.

'ಸೊಕ್ಕೋ, ಬುದ್ಧಿ ಮಂದವೋ, ಇಲ್ಲಾ ಈ ಮದವಿ ಮನಸ್ಸಿಗೇ ಇಲ್ಲವೋ, ಏನೋ ಅದ,' ಎಂದರು ರಾಯರು. 'ಕಾರಣ ಇಲ್ಲದ ಮುರದ್ರ ಮಗಳ ಹೆಸರು ಕೆಡ್ತದ. ಕಾರಣ ಸಿಕ್ಕರ, ಮಾಂಗಲ್ಯ ಕಟ್ಟೂದರೊಳಗ ನಾ ಅಕಿನ್ನ ಎಬ್ಬಿಸಿಕೊಂಡು ಬರಾಂವ.'

ಹೇಳಿದ್ದು ಮೆಲ್ಲಗೇ. ತಾಯಿಯಿಲ್ಲದ ಮಗಳು, ಇವರೇ ಬೆಳೆಸಿದ್ದು. ಈ ಮೊದಲು ನಾಲ್ಕು ಗಂಡುಗಳನ್ನು ಬೇಡವೆಂದಿದ್ದರು. ಒಬ್ಬನ ಕಣ್ಣು ಸರಿಯಿಲ್ಲ, ಒಬ್ಬನಿಗೆ ಕೆಮ್ಮು, ಇನ್ನಿಬ್ಬರಿಗೆ ಇನ್ನೇನೋ. ಮಗಳಿಗೆ ಆ ಕಾಲದ ಲೆಕ್ಕಕ್ಕೆ ವಯಸ್ಸು ಮೀರಿತ್ತು. ಮುರಿದರೂ ಕಷ್ಟ, ಮುರಿಯದಿದ್ದರೂ ಕಷ್ಟ. ನಾನು ಒಪ್ಪಿಕೊಂಡೆ. ಫೋಟೋಗ್ರಾಫರನ ಕೆಲಸ ಬಿಟ್ಟು ಸಿಐಡಿ ಕೆಲಸಕ್ಕೆ ಒಪ್ಪಿಕೊಂಡೆ ಎನ್ನಬೇಕು.

ಅದಾದ ವಾರದೊಳಗೇ ವರನ ಅಣ್ಣ ವಾಸುದೇವರಾಯರು ಮೆಟ್ಟಿಲು ಹತ್ತಿ ಬಂದರು. ದಪ್ಪ ಆಳು, ಏದುಸಿರು ಬಿಡುತ್ತಾ ಕೂತರು. ಹೋಟೆಲಿನಿಂದ ಒಂದು ಪೊಟ್ಟಣ ಗೋಳಿಬಜೆ ತಂದಿದ್ದರು. ಗಿರಾಕಿ ತಿಂಡಿ ತಂದ ಎಂದರೆ ನನಗೆ ಆಗಲೇ ಮೂಗು ಕೆರೆಯುತ್ತದೆ.

'ಒಂದೆರಡು ಮಾತುಂಟು ಮಾರಾಯ್ರೆ. ಆ ಓಡಾಡಿಕೊಂಡು ತೆಗೆಯುವ ಸಣ್ಣ ಕ್ಯಾಮೆರಾ ಮಂಟಪದ ಹತ್ತಿರ ಬೇಡ.'

'ಯಾಕೆ?'

'ನಮ್ಮ ಕಡೆ ಅದು ಆಗುವುದಿಲ್ಲ. ಮತ್ತೆ, ಗ್ರೂಪ್ ಫೋಟೋ ತೆಗೆಯುವಾಗ ನನ್ನ ತಮ್ಮನಿಗೆ ಹೀಗೆ ತಿರುಗು, ಹಾಗೆ ತಿರುಗು ಅಂತ ನೀವು ಕೂಗಿ ಹೇಳುವುದು ಬೇಡ. ಎಂತ ಹೇಳುವುದಿದ್ದರೂ ನನ್ನ ಹತ್ರ ಹೇಳಿ, ನಾನು ಅವನಿಗೆ ಹೇಳ್ತೇನೆ.'

'ಅವರಿಗೇ ಹೇಳಿದರೆ ಏನಾಗುತ್ತದೆ?'

'ಎಂತ ಆಗುವುದಿಲ್ಲ,' ಎಂದು ಪೊಟ್ಟಣ ನನ್ನ ಕಡೆ ಸರಿಸಿದರು. ಮುಖದ ಬೆವರು ಒರೆಸಿಕೊಂಡರು. ನನ್ನ ಕಣ್ಣು ತಪ್ಪಿಸಿ ಗೋಡೆಯ ಮೇಲಿನ ಪಟಗಳನ್ನು ನೋಡತೊಡಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ಕಳ್ಳ ಅನ್ನುವ ಮೊದಲೇ ಇವರು ಹೆಗಲು ಮುಟ್ಟಿಕೊಂಡರು. ಗುಂಡೇರಾಯರ ಸಂಶಯ ಅರ್ಧ ಇದ್ದದ್ದು ನನ್ನಲ್ಲಿ ಪೂರ್ತಿಯಾಯಿತು. ಗಂಡಿಗೆ ನೇರವಾಗಿ ಮಾತು ಹೇಳಕೂಡದು ಎಂದರೆ ಅವನೇನು ಕೀಲು ಕೊಟ್ಟರೆ ಆಡುವ ಬೊಂಬೆಯೇ? ಬುದ್ಧಿಯಲ್ಲಿ ಏನೋ ಕೊರತೆ ಇರಬೇಕು, ಅಣ್ಣ ಅದನ್ನು ಮುಚ್ಚಿ ಮದುವೆ ಮುಗಿಸಿಬಿಡುತ್ತಿದ್ದಾನೆ ಎಂದು ನಿಶ್ಚಯಿಸಿಬಿಟ್ಟೆ. ಗೋಳಿಬಜೆ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮರುದಿನದಿಂದ ಚಹಾಕ್ಕೆ ಅದೇ ಹೋಟೆಲಿಗೆ ಹೋಗತೊಡಗಿದೆ. ಮೂಲೆಯ ಟೇಬಲ್ಲಿನಲ್ಲಿ ಕೂತು ಮಾಧವನನ್ನು ನೋಡುತ್ತಿದ್ದೆ. ಲಕ್ಷಣವಾದ ಹುಡುಗ. ಗಲ್ಲಾದ ಹಿಂದೆ, ಗೋಡೆಗೆ ಬೆನ್ನು ಒತ್ತಿ ಕೂತಿರುತ್ತಿದ್ದ. ಬುದ್ಧಿ ಮಂದ ಎನ್ನುವ ನನ್ನ ಲೆಕ್ಕ ಮೊದಲ ದಿನವೇ ಕೆಟ್ಟಿತು. ಗಿರಣಿಯ ಮರಾಠಿ ಕಾರ್ಮಿಕರೊಡನೆ ಮರಾಠಿಯಲ್ಲಿ ಚೇಷ್ಟೆ, ನಮ್ಮೊಡನೆ ಕನ್ನಡ, ಒಳಗಿನವರೊಡನೆ ತುಳು. ಲೆಕ್ಕ ಬಾಯಲ್ಲೇ ಮುಗಿಸುತ್ತಿದ್ದ. ನನಗೂ ಒಂದು ಚುಚ್ಚಿದ: 'ಜೋಶಿಯವರೇ, ಚಹಾ ಆರಿ ಹೋಯಿತು. ನನ್ನ ಮುಖ ಮದುವೆ ದಿವಸವೂ ಇದೇ ಇರ್ತದೆ.'

ಆದರೆ ಇನ್ನೊಂದನ್ನೂ ಕಂಡೆ. ಅಡುಗೆಮನೆಯಿಂದ ಅಣ್ಣ ಬಂದು ಪಕ್ಕದಲ್ಲೇ ನಿಂತು 'ಮಾಧವ' ಎಂದು ಕರೆದರೂ ಇವನು ಕತ್ತು ಹೊರಳಿಸಲಿಲ್ಲ. ಅಣ್ಣ ಬೇಸರಪಡದೆ, ಭುಜ ಮುಟ್ಟಿ, ಸುತ್ತಿ ಬಂದು ಎದುರಿಗೆ ನಿಂತು ಹೇಳಿದರು. ಹೀಗೆ ಎರಡು ಮೂರು ಸಲ ಆಯಿತು. ಸರಿ, ಗಂಟು ಬಿಚ್ಚಿತು ಎಂದುಕೊಂಡೆ. ಅಣ್ಣತಮ್ಮಂದಿರಲ್ಲಿ ಒಳಗೊಳಗೇ ವೈಮನಸ್ಸು. ಹುಡುಗನ ಮನಸ್ಸು ಬೇರೆ ಎಲ್ಲೋ ಇದೆ, ಅಣ್ಣ ಒತ್ತಾಯದಿಂದ ತಾಳಿ ಕಟ್ಟಿಸುತ್ತಿದ್ದಾನೆ. ಮುಂಬಯಿಯಲ್ಲಿ ಅಂಥ ಕಥೆಗಳಿಗೆ ಬರವಿರಲಿಲ್ಲ. ಮದುವೆ ದಿನವೂ ಮುಖ ಗಂಟಿಕ್ಕಿ ಕೂತ ವರರನ್ನು ಎಷ್ಟೋ ಜನರನ್ನು ಪ್ಲೇಟಿನ ಮೇಲೆ ಇಳಿಸಿದ್ದೆ, ಆಮೇಲೆ ಅವರ ಹೆಂಡಂದಿರ ಕಥೆಯನ್ನೂ ಕೇಳಿದ್ದೆ.

ಮದುವೆಯ ದಿನ ಸ್ಟ್ಯಾಂಡು, ಪೆಟ್ಟಿಗೆ, ಬಲ್ಬಿನ ಡಬ್ಬಿ ಎಲ್ಲಾ ಹೊತ್ತುಕೊಂಡು ಲೋಕಲ್ ಹಿಡಿದು ಭಾಂಡುಪ್‌ಗೆ ಹೋದೆ. ಹಾಲ್‌ ಒಳಗೆ ಬೆಳಕು ಕಡಿಮೆ, ಹೊಗೆ ಜಾಸ್ತಿ. ಹಾಗಾಗಿ ಸಣ್ಣ ಕ್ಯಾಮೆರಾಕ್ಕೆ ಫ್ಲ್ಯಾಶ್ ಸಿಕ್ಕಿಸಿದೆ. ಆಗಿನ ಫ್ಲ್ಯಾಶ್ ಬಲ್ಬು ಒಂದು ಸಲ ಝಗ್ಗೆಂದರೆ ಮುಗಿಯಿತು, ಸುಟ್ಟ ಬಲ್ಬನ್ನು ತೆಗೆದು ಹೊಸದು ಹಾಕಬೇಕು. ಸುಟ್ಟದ್ದನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಳ್ಳಬೇಕು. ಕಲ್ಲಿನ ಮೇಲೆ ಬಿದ್ದರೆ ಪಟಾಕಿಯ ಹಾಗೆ ಒಡೆಯುತ್ತದೆ. ನಾನು ಬಗ್ಗಿ ನೋಡುತ್ತಾ ಓಡಾಡುವುದನ್ನು ಕಂಡು ಗುಂಡೇರಾಯರ ಅಕ್ಕ, ಹಿರಿಯ ಮುದುಕಿ, 'ಈ ಮನುಷ್ಯಾಗ ಹೊಟ್ಟಿಬ್ಯಾನಿ ಅದನೋ ಏನೋ, ಅವಾಗಿಂದ ಹೊಟ್ಟಿನ ನೋಡಿಕೊಳ್ಳಿಕ್ಕತ್ಯಾನ. ಒಂದೀಟು ಅಜಿವಾನ ಕೊಡ್ರಿ' ಎಂದಳು. ಹೆಂಗಸರೆಲ್ಲಾ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡವನಂತೆ ಮುಂದೆ ಸರಿದೆ. ವಾಸುದೇವರಾಯರ 'ಬೇಡ' ಎಂಬ ಷರತ್ತು ನನಗೆ ನೆನಪಿತ್ತು. ಆದರೆ ನನ್ನನ್ನು ಗೊತ್ತುಮಾಡಿದವರು ಹೆಣ್ಣಿನ ಕಡೆಯವರು.

ಅಂತರಪಟ ಸರಿಯಿತು. ಅಕ್ಷತೆ ಬಿತ್ತು. ವಧೂವರರು ಮಣೆಯ ಮೇಲೆ ಕೂತರು. ಪದ್ಧತಿಯ ಪ್ರಕಾರ ಸಪ್ತಪದಿಯ ತನಕ ವಧು ವರನ ಬಲಕ್ಕೆ ಕೂಡಬೇಕು, ಆಮೇಲೆ ಅವಳನ್ನು ಎಡಕ್ಕೆ ಕರೆದು ಕೂಡಿಸುತ್ತಾರೆ. ಸುಮಿತ್ರಾಬಾಯಿ ಬಲಕ್ಕೆ ಕೂತಿದ್ದಳು. ವಾಸುದೇವರಾಯರು ತಮ್ಮನ ಹಿಂದೆ, ಎಡಹೆಗಲಿನ ಮೇಲೆ ಬಗ್ಗಿಕೊಂಡೇ ನಿಂತಿದ್ದರು. ಭಟ್ಟರು ಏನು ಹೇಳಿದರೂ ಅದನ್ನು ಮತ್ತೊಮ್ಮೆ ತಮ್ಮನಿಗೆ ಪಿಸುಗುಟ್ಟುತ್ತಿದ್ದರು. ನಾನು ಡಬ್ಬಿಯಲ್ಲಿ ಬಗ್ಗಿ ನೋಡಿದೆ. ಹುಡುಗಿ ಕಣ್ಣಿಗೆ ಹೊಗೆ ಹೋಗಿ, ಏನೋ ಒಂದು ಮಾತು ಹೇಳಿದಳು. ತುಟಿ ಆಡಿದ್ದು ಸ್ಪಷ್ಟವಾಗಿ ಕಂಡಿತು. ಮಾಧವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಾನು ಒಬ್ಬನೇ ಕೂತಿದ್ದೇನೆ ಎನ್ನುವ ಹಾಗೆ ಮುಂದೆ ನೋಡುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಹೆಂಡತಿಯಾಗುವವಳು ಮಾತಾಡಿಸಿದರೆ ಹೂಂ ಎನ್ನುವಷ್ಟೂ ಮರ್ಯಾದೆ ಇಲ್ಲವೇ ಇವನಿಗೆ?

ತಲೆ ಎತ್ತಿದರೆ ಪಕ್ಕದಲ್ಲಿ ಗುಂಡೇರಾಯರು. ಕನ್ಯಾದಾನ ಮುಗಿಸಿ, ಕೈ ಇನ್ನೂ ಒದ್ದೆಯಿರುವಾಗಲೇ ನನ್ನ ಮುಖ ನೋಡಿ ಎದ್ದು ಬಂದಿದ್ದರು.

'ಏನು ಕಂಡ್ರಿ? ಈಗ ಹೇಳ್ರಿ. ಮಾಂಗಲ್ಯಪೂಜಾ ನಡದದ, ಇನ್ನ ಹೊತ್ತಿಲ್ಲ.'

ಬಾಯಿಯ ತುದಿಗೆ ಬಂದಿತ್ತು, 'ಹುಡುಗನಿಗೆ ಮನಸ್ಸಿಲ್ಲ' ಅಂತ. ಹೇಳಿದ್ದರೆ ಅವರು ಮಗಳನ್ನು ಎಬ್ಬಿಸುತ್ತಿದ್ದರು. ಆದರೆ ಏನೋ ತಡೆಯಿತು. ಗಲ್ಲಾದ ಮೇಲಿನ ಆ ಚೇಷ್ಟೆಯ ಹುಡುಗನಿಗೂ ಈ ಕಲ್ಲುಮುಖಕ್ಕೂ ತಾಳೆಯಾಗಲಿಲ್ಲ. ಅಲ್ಲದೆ ಅವನ ಮುಖದಲ್ಲಿ ಸಿಡುಕಿರಲಿಲ್ಲ. ಮನಸ್ಸಿಲ್ಲದ ವರರ ಮುಖ ನನಗೆ ಗೊತ್ತು, ಅವರು ಕೇಳಿಸಿಕೊಂಡೂ ಉತ್ತರಿಸುವುದಿಲ್ಲ, ಆದರೆ ಹುಬ್ಬಾದರೂ ಅಲುಗುತ್ತದೆ. ಇವನದು ಅದೂ ಇಲ್ಲ. ಇವನಿಗೆ ಮಾತು ಮುಟ್ಟಿಯೇ ಇಲ್ಲ.

'ಒಂದು ಕ್ಷಣ ತಡೀರಿ,' ಎಂದು ಹೇಳಿ ವಧುವಿನ ಆಚೆಯ ಮಗ್ಗುಲಿಗೆ ಹೋದೆ. ವಾದ್ಯ ನಿಂತು, ಭಟ್ಟರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ, ಕೈಯಲ್ಲಿದ್ದ ಸುಟ್ಟ ಬಲ್ಬನ್ನು ಫರಸಿಕಲ್ಲಿನ ಮೇಲೆ ಬಿಟ್ಟೆ. ಟಪ್ಪೆಂದು ಒಡೆಯಿತು. ಭಟ್ಟರು ನನ್ನ ಕಡೆ ತಿರುಗಿದರು. ಹುಡುಗಿ ತಿರುಗಿದಳು. ಮುಂದಿನ ಸಾಲಿನ ಹೆಂಗಸರು ತಿರುಗಿದರು. ಮಾಧವನೊಬ್ಬನೇ ಗಕ್ಕನೆ ಎಡಕ್ಕೆ ತಿರುಗಿದ. ಆ ಕಡೆ ಏನೂ ಬಿದ್ದಿರಲಿಲ್ಲ. ಅವನು ಅಲ್ಲೇ ಕೆಳಗೆ ಮೇಲೆ ಹುಡುಕುತ್ತಿದ್ದ.

ಒಂದೇ ಕಿವಿ ಕೇಳುವವನಿಗೆ ಸದ್ದು ಎಲ್ಲಿಂದ ಬಂದರೂ ಆ ಕಿವಿಯ ಕಡೆಯಿಂದಲೇ ಬಂದಂತೆ ಇರುತ್ತದೆ. ನನ್ನ ಸೋದರಮಾವ ಹಾಗೇ ಇದ್ದರು, ನಾವು ಹುಡುಗರು ಬೇಕೆಂದೇ ಆಚೆಯಿಂದ ಕೂಗಿ ಅವರನ್ನು ಈಚೆ ತಿರುಗಿಸಿ ನಗುತ್ತಿದ್ದೆವು. ಸ್ಟೇಶನ್ ದಾರಿಯಲ್ಲಿ ರಾಯರು ಅವನ ಬಲಕ್ಕೆ ನಡೆದಿರಬೇಕು, ಗಲ್ಲಾದ ಹತ್ತಿರ ಅಣ್ಣ ಕರೆದದ್ದೂ ಬಲಗಡೆಯಿಂದಲೇ ಇರಬೇಕು; ಅಣ್ಣನ ಷರತ್ತುಗಳ ಅರ್ಥವೂ ಒಂದೇ ಸಲಕ್ಕೆ ತಿಳಿಯಿತು. ವಾಸುದೇವರಾಯರ ಮುಖ ಬಿಳಿಚಿಕೊಂಡಿತ್ತು. ಹುಡುಗಿ ಮಾತ್ರ ಬಲ್ಬಿನ ಚೂರು ನೋಡಲಿಲ್ಲ. ಮೊದಲು ಮಾಧವನನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ತಪ್ಪು ಮಾಡಿದ ಹುಡುಗನನ್ನು ಟೀಚರ್ ನೋಡುವ ನೋಟ ಅದು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಗುಂಡೇರಾಯರ ಹತ್ತಿರ ಬಂದು ನಿರಾಳವಾಗಿ ಹೇಳಿದೆ. 'ಮನಸ್ಸಿನ ದೋಷ ಅಲ್ಲ ರಾಯರೇ, ಬುದ್ಧಿಯದೂ ಅಲ್ಲ. ಬಲಗಿವಿ ಕೇಳಿಸೋದಿಲ್ಲ, ಅಷ್ಟೇ.'

ಅವರು ನಿರಾಳವಾಗುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಕೇಳಿಸಿದ್ದು 'ಅಷ್ಟೇ' ಅಲ್ಲ. 'ಮುಚ್ಚಿಟ್ಟರಲ್ಲ,' ಎಂದರು. ಶಲ್ಯ ಹೆಗಲಿಗೆ ಎಸೆದು ನೇರ ಮಂಟಪಕ್ಕೆ ಹೋಗಿ, 'ಆಚಾರ್ಯರ, ನಿಲ್ಲಸ್ರಿ' ಎಂದರು. ಭಟ್ಟರ ಕೈಯಲ್ಲಿ ಮಾಂಗಲ್ಯದ ತಟ್ಟೆ ಹಾಗೇ ನಿಂತಿತು. ಹಾಲ್‌ನಲ್ಲಿ ಗುಸುಗುಸು ಎದ್ದಿತು.

'ಹುಡುಗಗ ಕಿವುಡದ. ನನಗ ಹೇಳದ ಮದವಿ ಮಾಡ್ಲಿಕ್ಕತ್ತೀರಿ. ಸುಮಿತ್ರಾ, ಏಳು.'

ವಾಸುದೇವರಾಯರು ಅಷ್ಟು ಜನರ ಮುಂದೆ ಕೈ ಮುಗಿದರು. 'ಒಂದು ಕಿವಿ ಮಾರಾಯ್ರೆ. ಸಣ್ಣವನಿರುವಾಗ ಜ್ವರ ಬಂದು ಹೋದದ್ದು. ಇದೇ ಕಾರಣಕ್ಕೆ ಎರಡು ಸಂಬಂಧ ತಪ್ಪಿತ್ತು, ಹೆದರಿ ನಾನು ಹೇಳಲಿಲ್ಲ. ತಪ್ಪು ನಂದು, ಅವನದ್ದಲ್ಲ.'

ಮಾಧವ ಅಣ್ಣನ ಕಡೆ ಬೆರಗಾಗಿ ನೋಡಿದ. ಆಮೇಲೆ ಗುಂಡೇರಾಯರ ಕಡೆ. 'ನಿಮಗೆ ಗೊತ್ತುಂಟು ಅಂತ ತಿಳಿದಿದ್ದೆ ಮಾವ. ನೋಡಲಿಕ್ಕೆ ಬಂದ ದಿವಸವೇ ನಿಮ್ಮ ಮನೆ ಮುಂದಿನ ಗ್ಯಾಲರಿಯಲ್ಲಿ ಇವರ ಹತ್ತಿರ ಕಿವಿಯ ವಿಷಯ ಹೇಳಿದ್ದೆ. ಮನೆಯಲ್ಲಿ ಹೇಳಿ, ಒಪ್ಪಿದರೆ ಮಾತ್ರ ಮುಂದೆ ಹೋಗುವ ಅಂತ ಹೇಳಿದ್ದೆ. ನೀವು ಒಪ್ಪಿದಿರಿ.'

ಎಲ್ಲರ ಕಣ್ಣೂ ಹುಡುಗಿಯ ಮೇಲೆ ಹೋಯಿತು. ಮುಚ್ಚಿಟ್ಟವರನ್ನು ಹಿಡಿಯಲು ನಾನು ತಿಂಗಳಿಂದ ಹೋಟೆಲಿನ ಚಹಾ ಕುಡಿದದ್ದೇ ಬಂತು, ಮುಚ್ಚಿಟ್ಟವಳು ನನ್ನ ಗಿರಾಕಿಯ ಮನೆಯಲ್ಲೇ ಇದ್ದಳು. ಅವಳ ಮೇಲೆ ಕ್ಯಾಮೆರಾ ತಿರುಗಿಸುವುದು ಅವಳ ಅಪ್ಪನೇ ಬೇಡವೆಂದಿದ್ದರು.

ಸುಮಿತ್ರಾ ಏಳಲಿಲ್ಲ. ಬಾಸಿಂಗ ಕಟ್ಟಿದ ತಲೆ ಎತ್ತಿ ಹೇಳಿದಳು. 'ನನಗ ಗೊತ್ತಿತ್ತು ಅಪ್ಪಾ.'

'ನನಗ ಯಾಕ ಹೇಳಲಿಲ್ಲ?' ರಾಯರ ಧ್ವನಿ ಒಡೆಯಿತು. ಕಿವಿಯ ವಿಷಯಕ್ಕೆ ಬಂದ ಸಿಟ್ಟು ಅಲ್ಲಿಗೇ ಇಳಿದಿತ್ತು. ಈಗ ಉಳಿದದ್ದು ನೋವು ಒಂದೇ.

'ಹೇಳಿದ್ರ ನೀವು ಕಿವಿ ಒಂದ ನೋಡ್ತಿದ್ರಿ. ಮೊದಲಿನ ನಾಕೂ ಮಂದಿ ಕೊರತಿ ನೀವ ಹುಡುಕಿ ತಗದ್ರಿ, ಒಬ್ಬರೂ ತಾವಾಗೇ ಹೇಳಿದವರಲ್ಲ. ಇವರು ಕೂತ ಕೂಡಲೇ ಹೇಳಿದ್ರು. ನಾ ಒಪ್ಪಿದ್ದು ಅದಕ್ಕ.'

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ಮಾತು ತೊದಲಲಿಲ್ಲ. ಭಟ್ಟರು ಗಡಿಯಾರ ನೋಡಿ, 'ಮುಹೂರ್ತ ಮೀರತದ' ಎಂದು ಮೆಲ್ಲಗೆ ಅಂದರು. ರಾಯರು ಶಲ್ಯದಿಂದ ಮುಖ ಒರೆಸಿಕೊಂಡರು.

'ನಡಸ್ರಿ,' ಎಂದು ಹೇಳಿ ಮಂಟಪದಿಂದ ಇಳಿದರು.

ಮಾಂಗಲ್ಯ ಕಟ್ಟಿದ ಪಟ ತೆಗೆದೆ. ಅದು ಅಷ್ಟು ಚೊಕ್ಕ ಬರಲಿಲ್ಲ. ಸಪ್ತಪದಿಯಾಯಿತು. ವಧುವನ್ನು ಎಡಕ್ಕೆ ಕರೆದು ಕೂಡಿಸಿದರು. ಕೂತವಳೇ ಏನೋ ಒಂದು ಮಾತು ಹೇಳಿದಳು, ಮಾಧವ ತಡೆಯಲಾರದೆ ನಕ್ಕುಬಿಟ್ಟ. ಆ ಪಟ ಮಾತ್ರ ಬಹಳ ಚೆನ್ನಾಗಿ ಬಂತು.

ಗುಂಡೇರಾಯರು ಮಧ್ಯಾಹ್ನದ ಪಂಕ್ತಿಯಲ್ಲಿ ಬಡಿಸಲು ಓಡಾಡಿದರು, ಬೀಗರಿಗೆ ಉಪಚಾರ ಮಾಡಿದರು, ಆದರೆ ಮಗಳ ಜೊತೆ ಒಂದು ಮಾತು ಆಡಲಿಲ್ಲ. ಅವಳು ಎಲೆಯ ಮುಂದೆ ಕೂತು ಅಪ್ಪನ ದಾರಿ ನೋಡುತ್ತಿದ್ದಳು. ನನ್ನ ಕೈಯಿಂದ ಬಿದ್ದ ಒಂದು ಬಲ್ಬು ಅಪ್ಪ ಮಗಳನ್ನು ದೂರ ಮಾಡಿತಲ್ಲ ಎಂದು ನಾನು ಅರ್ಧ ಊಟಕ್ಕೇ ಎದ್ದುಬಿಟ್ಟೆ. ತಾಳಿ ಬಿತ್ತು, ನಿಜ. ಆದರೆ ಅಳಿಯನನ್ನು ಮಾವ ಒಪ್ಪದಿದ್ದರೆ ಆ ಹುಡುಗಿಗೆ ತವರು ಎಂಬುದು ಇನ್ನೆಲ್ಲಿ?

ಮೂರನೇ ಪ್ರಹರಕ್ಕೆ ಅಂಗಳದಲ್ಲಿ ಫಾರ್ಮಲ್ ಗ್ರೂಪಿಗೆ ಕುರ್ಚಿ ಹಾಕಿಸಿದೆ. ನಕ್ಷೆ ಕೈಯಲ್ಲಿತ್ತು. ನಡುವೆ ವರ, ಅವನ ಎಡಕ್ಕೆ ವಧು, ವಧುವಿನ ಆಚೆ ಅವಳ ಕಡೆಯವರು. ವರನ ಬಲಕ್ಕೆ ಅವನ ಕಡೆಯವರು. ಅವನಿಗೆ ತಂದೆತಾಯಿ ಇಲ್ಲದ್ದರಿಂದ ಆ ಮೊದಲ ಕುರ್ಚಿ ಅಣ್ಣನದು. ಇದು ಎಲ್ಲಾ ಮದುವೆಗಳಲ್ಲೂ ನಡೆದು ಬಂದದ್ದು. ವಾಸುದೇವರಾಯರು ಬಂದು ಕೂತರು. ಆ ಮನುಷ್ಯ ಚಿಕ್ಕಂದಿನಿಂದ ತಮ್ಮನ ಬಲಮಗ್ಗುಲಿಗೇ ನಡೆದವರು. ರಸ್ತೆ ದಾಟುವಾಗ, ಗಲ್ಲಾದ ಹತ್ತಿರ, ಯಾರಾದರೂ ಆ ಕಡೆಯಿಂದ ಮಾತಾಡಿಸಿದರೆ ತಾವು ಉತ್ತರ ಕೊಟ್ಟು, ತಮ್ಮನ ಭುಜ ಮುಟ್ಟಿ ತಿರುಗಿಸಿದವರು. ಇದನ್ನೆಲ್ಲಾ ಊಟದ ಹೊತ್ತಿನಲ್ಲಿ ಅವರೇ ಎಲ್ಲರೆದುರು ಹೇಳಿಕೊಂಡಿದ್ದರು. ಗುಂಡೇರಾಯರೂ ಬಡಿಸುತ್ತಾ ಕೇಳಿಸಿಕೊಂಡಿದ್ದರು.

ನಾನು ಕರೀ ಬಟ್ಟೆಯೊಳಗೆ ತಲೆ ಹಾಕಿ ಫೋಕಸ್ ಮಾಡುತ್ತಿದ್ದೆ. ಗಾಜಿನ ಮೇಲೆ ಎಲ್ಲರೂ ತಲೆಕೆಳಗಾಗಿ ಕೂತಿದ್ದರು. ಅಷ್ಟರಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಬಟ್ಟೆ ಸರಿಸಿ ನೋಡಿದೆ. ಗುಂಡೇರಾಯರು ತಮ್ಮ ಜಾಗ ಬಿಟ್ಟು, ಇಡೀ ಸಾಲು ಸುತ್ತಿ ಬಂದು ವಾಸುದೇವರಾಯರ ಮುಂದೆ ನಿಂತಿದ್ದರು. ಮತ್ತೆ ಜಗಳವೋ ಎಂದುಕೊಂಡೆ.

'ನೀವು ಏಳ್ರಿ,' ಎಂದರು ರಾಯರು. 'ಅಲ್ಲಿ ನನ್ನ ಕುರ್ಚಿ ಖಾಲಿ ಅದ, ಹೋಗಿ ಆರಾಮ ಕೂಡ್ರಿ. ಇಷ್ಟು ವರ್ಷ ನೀವು ಕಾಯ್ದ್ರಿ. ಇನ್ನ ಈ ಮಗ್ಗಲ ನಂದು.'

ವಾಸುದೇವರಾಯರು, ಆ ದಪ್ಪ ಮನುಷ್ಯ, ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಮಾಧವನಿಗೆ ಆ ಕಡೆಯ ಮಾತು ಮುಟ್ಟಿರಲಿಲ್ಲ. ಸುಮಿತ್ರಾ ಅವನ ಎಡಗಿವಿಗೆ ಬಗ್ಗಿ ಹೇಳಿದಳು. ಅವನು ಎದ್ದು ಮಾವನ ಕಾಲಿಗೆ ಬಿದ್ದ. ರಾಯರು ಅಳಿಯನ ತಲೆಯ ಮೇಲೊಂದು ಕೈ ಇಟ್ಟು,  ಇನ್ನೊಂದು ಕೈ ಮಗಳ ಕಡೆ ಚಾಚಿದರು. ನಾನು ಸುಮ್ಮನೆ ಮತ್ತೆ ಬಟ್ಟೆಯೊಳಗೆ ತಲೆ ಹಾಕಿದೆ.

ಆ ಪಟವನ್ನು ಅವರ ಅಪ್ಪಣೆ ಪಡೆದು ಬಹಳ ವರ್ಷ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೆ. ತಿಳಿದವರು ನೋಡಿ ಮೂಗೆಳೆಯುತ್ತಿದ್ದರು. 'ಏನ್ರೀ ಜೋಶಿ, ಹೆಣ್ಣಿನ ಅಪ್ಪನ್ನ ಗಂಡಿನ ಕಡೆ ಕೂಡಿಸೀರಲ್ಲ, ಇಷ್ಟೂ ಪದ್ಧತಿ ಗೊತ್ತಿಲ್ಲೇನು?' ನಾನು ಗೊತ್ತಿಲ್ಲ ಅಂದುಬಿಡುತ್ತಿದ್ದೆ. ಎಲ್ಲರಿಗೂ ಎಲ್ಲಾ ಹೇಳುವ ಅಗತ್ಯವಿಲ್ಲ.

ಸಂಶಯ ನನ್ನನ್ನು ಬಿಟ್ಟು ಹೋಯಿತು ಎಂದರೆ ನೀವು ನಂಬಬೇಡಿ. ಇವತ್ತಿಗೂ ಯಾರಾದರೂ ತಿಂಡಿಯ ಪೊಟ್ಟಣ ತಂದರೆ ಮೂಗು ಕೆರೆಯುತ್ತದೆ. ಆದರೆ ಕಸುಬಿನಲ್ಲಿ ಒಂದು ಬದಲಾಯಿತು. ಅಲ್ಲಿಯವರೆಗೆ ಯಾರಾದರೂ 'ಹೀಗೆ ತೆಗೀಬೇಡಿ' ಎಂದರೆ ಏನು ಮುಚ್ಚುತ್ತಿದ್ದಾರೆ ಎಂದು ಹುಡುಕುತ್ತಿದ್ದೆ. ಆ ಮದುವೆಯ ನಂತರ, ಯಾರನ್ನು ಕಾಯುತ್ತಿದ್ದಾರೆ ಎಂದು ಮೊದಲು ಅವರನ್ನೇ ಕೇಳತೊಡಗಿದೆ. ಕೇಳಿದರೆ ಜನ ಹೇಳುತ್ತಾರೆ. ಪ್ರತಿ ಮದುವೆಗೂ ನಕ್ಷೆ ಹಾಕುವಾಗ ಎರಡೂ ಕಡೆಯವರಿಗೆ ಒಂದು ಮಾತು ಹೇಳುತ್ತಿದ್ದೆ: 'ಪದ್ಧತಿ ಪ್ರಕಾರ ಕುರ್ಚಿ ನಾನು ಹಾಕುತ್ತೇನೆ. ಆದರೆ ನಿಮ್ಮಲ್ಲಿ ಯಾರಿಗಾದರೂ ಎದ್ದು ಇನ್ನೊಬ್ಬರ ಪಕ್ಕ ಕೂಡಬೇಕು ಅನ್ನಿಸಿದರೆ, ನನ್ನ ಪ್ಲೇಟಿನ ಚಿಂತೆ ಮಾಡಬೇಡಿ. ನಾನು ಕಾಯುತ್ತೇನೆ.'